ಲೈಬ್ರರಿಯಲ್ಲಿ ಹದಿಹರೆಯದವರ ಸ್ಲೈಡ್ ಸಂಜೆ: ನಾಲ್ಕು ಬಗೆಗಳಲ್ಲಿ ನಿಮಗೆ ಯಾವುದು ಸರಿ?

ಎಂಟನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಮಕ್ಕಳನ್ನು ಒಂದು ಶನಿವಾರ ಲೈಬ್ರರಿಗೆ ಕರೆಸಿ, ತಮಗಿಷ್ಟವಾದ ವಿಷಯದ ಮೇಲೆ ಸ್ಲೈಡ್ ತೋರಿಸಿ ಮಾತಾಡಲು ಬಿಡುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಇದ್ದರಾಯಿತು. ಇಂಥ ಕಾರ್ಯಕ್ರಮ ಸಪ್ಪೆಯಾಗುವುದು ಹೆಚ್ಚಾಗಿ ಸಾಮಾನು ಸಾಲದೆ ಅಲ್ಲ, ಬಂದ ಮಕ್ಕಳಿಗೆ ಹೊಂದದ ಬಗೆಯನ್ನು ಆರಿಸಿಕೊಂಡದ್ದರಿಂದ. ವೇದಿಕೆ ಹತ್ತಿ ಅಭ್ಯಾಸವಿಲ್ಲದ ಹುಡುಗಿಗೆ ಆರೇಳು ನಿಮಿಷ ಕೊಟ್ಟರೆ ಮೂರನೇ ನಿಮಿಷಕ್ಕೆ ಮಾತು ಮುಗಿದಿರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವನಿಗೆ ‘ತಯಾರಿಸಿ ತಾ’ ಎಂದರೆ ಅವನು ಆ ದಿನ ಬರುವುದೇ ಇಲ್ಲ.

ಚಾಲ್ತಿಯಲ್ಲಿರುವ ಬಗೆಗಳು ನಾಲ್ಕು. ಮನೆಯಲ್ಲಿ ತಯಾರಿಸಿ ತಂದು ತೋರಿಸುವುದು ಒಂದು. ಸ್ಲೈಡ್ ತಾನಾಗಿಯೇ ಓಡುವ ಪೆಚಕುಚ ಅಥವಾ ಇಗ್ನೈಟ್ ಎರಡನೆಯದು. ಕಂಡೇ ಇರದ ಸ್ಲೈಡಿಗೆ ಆ ಕ್ಷಣಕ್ಕೆ ಮಾತು ಹೊಂದಿಸುವ ಸ್ಲೈಡ್ ಕರೋಕೆ ಮೂರನೆಯದು. ಲೈಬ್ರರಿಯಲ್ಲೇ ಕುಳಿತು ಅಲ್ಲಿನ ಪುಸ್ತಕದಿಂದ ಒಂದು ಗಂಟೆಯಲ್ಲಿ ತಯಾರಿಸಿ ತೋರಿಸುವುದು ನಾಲ್ಕನೆಯದು. ಮೊದಲ ಸಲ ನಡೆಸುವವರಿಗೆ ನಮ್ಮ ಸಲಹೆ ಕರೋಕೆ. ಎರಡನೇ ಸಲಕ್ಕೆ ಅದರ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬಹುದು. ಪೆಚಕುಚದಿಂದ ಶುರು ಮಾಡಬೇಡಿ. ಹೆಸರು ಆಕರ್ಷಕವಾಗಿದೆ ಎಂದು ಹಲವರು ಮೊದಲು ಅದಕ್ಕೇ ಕೈಹಾಕುತ್ತಾರೆ.

ಸ್ಲೈಡ್ ಕರೋಕೆ

ಜರ್ಮನಿಯ ಬರ್ಲಿನ್‌ನಲ್ಲಿ ಹುಟ್ಟಿದ ಆಟ ಇದು. ಮಾತಾಡುವವರಿಗೆ ಸ್ಲೈಡಿನಲ್ಲಿ ಏನಿದೆ ಎಂಬುದು ಪರದೆಯ ಮೇಲೆ ಬಂದಾಗಲೇ ಗೊತ್ತಾಗಬೇಕು. ಶೀರ್ಷಿಕೆ ಬಂತು, ಮಾತು ಶುರು. ಚಿತ್ರ ಬದಲಾಯಿತು, ಮಾತನ್ನು ಆ ಕಡೆ ತಿರುಗಿಸಬೇಕು. ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ಊರಿನಲ್ಲಿ ಇದನ್ನು ವಿವರಿಸುವುದು ಸುಲಭ: ಅಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಪ್ರಸಂಗ ಗೊತ್ತಿರುತ್ತದೆ, ಎದುರಾಳಿಯ ಮಾತು ಗೊತ್ತಿರುವುದಿಲ್ಲ. ಇಲ್ಲಿ ಎದುರಾಳಿಯ ಜಾಗದಲ್ಲಿ ಸ್ಲೈಡ್ ಇದೆ.

ಮೊದಲ ಸಲಕ್ಕೆ ಇದೇ ಸರಿ ಎನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಯಾರೂ ಮನೆಯಲ್ಲಿ ತಯಾರಿ ಮಾಡಬೇಕಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಇರುವ ಮನೆಯ ಮಕ್ಕಳಿಗೂ ಇಲ್ಲದ ಮನೆಯ ಮಕ್ಕಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಎಲ್ಲ ಸ್ಲೈಡೂ ನೀವೇ ಮಾಡಿದ್ದು, ಒಂದೇ ಲ್ಯಾಪ್‌ಟಾಪಿನಲ್ಲಿರುತ್ತದೆ. ಫಾಂಟ್ ಕೆಡುವುದು, ಪೆನ್‌ಡ್ರೈವ್ ತೆರೆಯದಿರುವುದು ಇಂಥ ತೊಂದರೆ ಇಲ್ಲ. ತಪ್ಪಿದರೂ ತಪ್ಪು ಸ್ಲೈಡಿನದ್ದೇ ಹೊರತು ಮಗುವಿನದ್ದಲ್ಲ. ನಾಚಿಕೆಯ ಮಕ್ಕಳ ಮಟ್ಟಿಗೆ ಇದು ಬಹಳ ದೊಡ್ಡ ಸಂಗತಿ.

ಅಳತೆ ಹೀಗಿರಲಿ: ಒಬ್ಬರಿಗೆ 6 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 2 ನಿಮಿಷ. ಕರೆಯುವುದು, ಮೈಕ್ ದಾಟಿಸುವುದು, ಚಪ್ಪಾಳೆ ಎಲ್ಲ ಸೇರಿ ಒಂದು ಸರದಿಗೆ 3 ನಿಮಿಷ. 12 ಸರದಿ 36 ನಿಮಿಷದಲ್ಲಿ ಮುಗಿಯುತ್ತದೆ. 12 ಸರದಿಗೆ 12 ಸೆಟ್, ಮೇಲೆ 2 ಹೆಚ್ಚುವರಿ, ಅಂದರೆ 84 ಸ್ಲೈಡ್ ನೀವು ಸಿದ್ಧಪಡಿಸಬೇಕು. ಕೆಲಸ ಹೆಚ್ಚಿರುವುದು ಇಲ್ಲಿ. ಇಬ್ಬರು ಕುಳಿತರೆ ಒಂದು ದಿನದಲ್ಲಿ ಆಗುತ್ತದೆ, ಆದರೆ ಹಿಂದಿನ ರಾತ್ರಿಗೆ ಬಿಟ್ಟರೆ ಆಗುವುದಿಲ್ಲ.

ಸೆಟ್ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ. ಮೊದಲ ಸ್ಲೈಡ್ ಶೀರ್ಷಿಕೆ ಮಾತ್ರ: ‘ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯದೋ ಮಂಗಳೂರಿನದೋ? ಅಂತಿಮ ತೀರ್ಪು’. ಎರಡನೆಯದು ಮಲ್ಪೆ ಬಂದರಿನಲ್ಲಿ ಸಾಲಾಗಿ ನಿಂತ ದೋಣಿಗಳು. ಮೂರನೆಯದು ಯಾವ ಅಕ್ಷರವೂ ಇಲ್ಲದ ಒಂದು ಬಾರ್ ಚಾರ್ಟ್, ಒಂದು ಕಂಬ ಮಾತ್ರ ವಿಪರೀತ ಎತ್ತರ. ನಾಲ್ಕನೆಯದು ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುವವರ ಬೆನ್ನು. ಐದನೆಯದು ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಆರನೆಯದು ‘ಆದ್ದರಿಂದ ಸರಕಾರಕ್ಕೆ ನಮ್ಮ ಮೂರು ಬೇಡಿಕೆಗಳು’ ಎಂಬ ಸಾಲು, ಕೆಳಗೆ 1, 2, 3 ಎಂಬ ಅಂಕಿ, ಅದರ ಮುಂದೆ ಖಾಲಿ. ಶೀರ್ಷಿಕೆ ಒಂದು ದಿಕ್ಕು ಕೊಡುತ್ತದೆ. ಚಿತ್ರಗಳು ಆ ದಿಕ್ಕಿನಿಂದ ಎಳೆಯುತ್ತವೆ. ಕೊನೆಯ ಸ್ಲೈಡ್ ಮಾತು ಮುಗಿಸಲು ಒಂದು ಮೆಟ್ಟಿಲು ಕೊಡುತ್ತದೆ. ಈ ಕೊನೆಯ ಮೆಟ್ಟಿಲು ಇಲ್ಲದಿದ್ದರೆ ಮಕ್ಕಳು ‘ಅಷ್ಟೇ’ ಎಂದು ಮೈಕ್ ಕೊಟ್ಟು ಓಡುತ್ತಾರೆ, ಅಲ್ಲಿಯವರೆಗಿನ ನಗು ಅಲ್ಲಿಗೇ ಇಳಿದುಹೋಗುತ್ತದೆ.

ಕೆಡುವ ರೀತಿಗಳೂ ಗೊತ್ತಿರಲಿ. ಚಿತ್ರವೇ ತಮಾಷೆಯದಾದರೆ (ಮೀಮ್, ವಿಚಿತ್ರ ಮುಖಭಾವ) ಸಭೆ ಚಿತ್ರಕ್ಕೆ ನಗುತ್ತದೆ, ಮಾತಾಡುವವರಿಗೆ ಕೆಲಸವೇ ಉಳಿಯುವುದಿಲ್ಲ. ಸಪ್ಪೆ ಚಿತ್ರವೇ ಒಳ್ಳೆಯದು: ಖಾಲಿ ಕುರ್ಚಿ, ಹಂಚಿನ ಮಾಡು, ತೆಂಗಿನ ಸಿಪ್ಪೆಯ ರಾಶಿ. ಸ್ಲೈಡಿನಲ್ಲಿ ಎರಡು ಸಾಲಿಗಿಂತ ಹೆಚ್ಚು ಬರಹವಿದ್ದರೆ ಮಕ್ಕಳು ಅದನ್ನೇ ಓದುತ್ತಾ ನಿಲ್ಲುತ್ತಾರೆ. ಆರೂ ಸ್ಲೈಡ್ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಎರಡನೇ ಸರದಿಯ ಹೊತ್ತಿಗೆ ಎಲ್ಲರ ಮಾತೂ ಒಂದೇ ಥರ ಕೇಳತೊಡಗುತ್ತದೆ. ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಳ್ಳಿ, ಇಲ್ಲವೇ ನೀವೇ ಪೇಟೆ ಸುತ್ತಿ ತೆಗೆಯಿರಿ. ಗುರುತು ಸಿಗುವ ಸ್ಥಳೀಯರ ಮುಖ ಬೇಡ.

ಒಬ್ಬರೇ ನಿಲ್ಲಲು ಅಂಜುವವರಿಗೆ ಜೋಡಿಯಾಗಿ ಬರಲು ಬಿಡಿ: ಒಂದು ಸ್ಲೈಡ್ ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ. ಮೊದಲ ಸರದಿ ಮಾತ್ರ ಆಯೋಜಕರದ್ದೋ ಒಬ್ಬ ಟೀಚರದ್ದೋ ಆಗಿರಲಿ. ದೊಡ್ಡವರು ತಡವರಿಸಿದ್ದನ್ನು ನೋಡಿದ ಮೇಲೆ ಹೆಸರು ಕೊಡುವವರ ಸಂಖ್ಯೆ ಹೆಚ್ಚಾಗುತ್ತದೆ.

ಪೆಚಕುಚ ಮತ್ತು ಇಗ್ನೈಟ್

ಪೆಚಕುಚವನ್ನು 2003ರಲ್ಲಿ ಟೋಕಿಯೊದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ವಾಸ್ತುಶಿಲ್ಪಿಗಳು ಶುರು ಮಾಡಿದರು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಮಾತು ಮುಗಿಯಲಿ ಬಿಡಲಿ, ಸ್ಲೈಡ್ ಮುಂದೆ ಹೋಗುತ್ತದೆ. ಇಗ್ನೈಟ್ 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭವಾದದ್ದು. ಅಲ್ಲೂ 20 ಸ್ಲೈಡ್, ಆದರೆ 15 ಸೆಕೆಂಡ್, ಒಟ್ಟು 5 ನಿಮಿಷ. ಎರಡೂ ಅವರವರ ಸಂಸ್ಥೆಗಳು ನಡೆಸುವ ಕಾರ್ಯಕ್ರಮಗಳ ಹೆಸರು. ಪೋಸ್ಟರಿನಲ್ಲಿ ಆ ಹೆಸರು ಹಾಕದೆ ‘ಓಡುವ ಸ್ಲೈಡ್’ ಎಂದೋ ಇನ್ನೇನೋ ನಿಮ್ಮದೇ ಹೆಸರಿಡಿ.

ಇವು ಮಾತಿನಲ್ಲಿ ಸ್ವಲ್ಪ ಪಳಗಿದವರಿಗೆ: ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮಾಡಿದವರು, ಯಕ್ಷಗಾನ ಕಲಿಯುತ್ತಿರುವವರು, ಕಾಲೇಜಿನ ಚರ್ಚಾಸ್ಪರ್ಧೆಯವರು. ಅವರಿಗೆ ನಿಲ್ಲದ ಸಮಯವೇ ಖುಷಿ. 6 ನಿಮಿಷ 40 ಸೆಕೆಂಡಿನ ಮಾತಿಗೆ ಮನೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿ ನೋಡಿರಬೇಕು. ನೋಡದವರು ಸಾಮಾನ್ಯವಾಗಿ ಏಳನೇ ಎಂಟನೇ ಸ್ಲೈಡಿನ ಹೊತ್ತಿಗೆ ಹಿಂದೆ ಬೀಳುತ್ತಾರೆ. ಬಾಯಲ್ಲಿ ಆರನೇ ಸ್ಲೈಡಿನ ಮಾತು, ಪರದೆಯ ಮೇಲೆ ಎಂಟನೆಯದು. ಆಮೇಲೆ ಹಿಡಿಯಲು ಓಡುತ್ತಾ ಮಾತೇ ಅರ್ಥವಾಗದಂತಾಗುತ್ತದೆ. ಇದಕ್ಕೆ ಒಂದೇ ಉಪಾಯ, ಸ್ಲೈಡ್ ಕಡಿಮೆ ಮಾಡುವುದು. ಹದಿಹರೆಯದವರಿಗೆ 12 ಸ್ಲೈಡ್, 15 ಸೆಕೆಂಡ್, ಸರಿಯಾಗಿ 3 ನಿಮಿಷ ಹದವಾದ ಅಳತೆ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ 15 ಸೆಕೆಂಡಿಗೆ ಎರಡು ಮೂರು ಸಣ್ಣ ವಾಕ್ಯ ಹಿಡಿಸುತ್ತದೆ, ಹೆಚ್ಚಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಕಂಪ್ಯೂಟರ್ ಕಡೆಯಿಂದ ಕೈಕೊಡುವುದು ಹೆಚ್ಚಾಗಿ ಈ ಬಗೆಯಲ್ಲೇ. ಪವರ್‌ಪಾಯಿಂಟಿನಲ್ಲಿ ಟ್ರಾನ್ಸಿಷನ್ಸ್ ಟ್ಯಾಬ್‌ಗೆ ಹೋಗಿ ‘ಆನ್ ಮೌಸ್ ಕ್ಲಿಕ್’ ಟಿಕ್ ತೆಗೆಯಿರಿ, ‘ಆಫ್ಟರ್’ ಟಿಕ್ ಮಾಡಿ 00:15 ಕೊಡಿ, ‘ಅಪ್ಲೈ ಟು ಆಲ್’ ಒತ್ತಿ. ಕ್ಲಿಕ್ಕಿನ ಟಿಕ್ ಹಾಗೇ ಬಿಟ್ಟರೆ ಗಾಬರಿಯಲ್ಲಿ ಯಾರಾದರೂ ಬಟನ್ ಒತ್ತುತ್ತಾರೆ, ಲೆಕ್ಕ ತಪ್ಪುತ್ತದೆ. ಅನಿಮೇಷನ್ ಎಲ್ಲ ತೆಗೆದುಹಾಕಿ, ಟ್ರಾನ್ಸಿಷನ್ ಪರಿಣಾಮವೂ ಬೇಡ. ಅವುಗಳ ಸಮಯ ಪ್ರತಿ ಸ್ಲೈಡಿಗೂ ಸೇರಿಕೊಂಡು ಒಟ್ಟು ಹೊತ್ತು ಹಿಗ್ಗುತ್ತದೆ. ಎಲ್ಲ ಸರಿಯಿದ್ದೂ ಸ್ಲೈಡ್ ಓಡದೆ ನಿಂತರೆ ‘ಸ್ಲೈಡ್ ಶೋ’ ಟ್ಯಾಬಿನಲ್ಲಿ ‘ಯೂಸ್ ಟೈಮಿಂಗ್ಸ್’ ಟಿಕ್ ಇದೆಯೇ ನೋಡಿ, ಬಹುಪಾಲು ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ಬಲಬದಿಯ ಸ್ಲೈಡ್ ಟ್ರಾನ್ಸಿಷನ್ ಫಲಕದಲ್ಲೇ ಸೆಕೆಂಡ್ ಕೊಡಬಹುದು. ಅದು ಉಚಿತವೂ ಹೌದು.

ಗೂಗಲ್ ಸ್ಲೈಡ್ಸ್ ಬಳಸುವವರಿಗೆ ಒಂದು ತೊಡಕಿದೆ. ಅದರ ಆಟೋಪ್ಲೇ ಪಟ್ಟಿಯಲ್ಲಿ 10, 15, 30 ಸೆಕೆಂಡ್ ಇವೆ, 20 ಇಲ್ಲ. 15ರ ಅಳತೆ ಆರಿಸಿದರೆ ಈ ತಲೆನೋವೇ ಇಲ್ಲ. 20 ಬೇಕೇ ಬೇಕು ಎಂದಾದರೆ ‘ಪಬ್ಲಿಷ್ ಟು ವೆಬ್’ ಕೊಟ್ಟು, ಬರುವ ಲಿಂಕಿನಲ್ಲಿ ‘ಡಿಲೇ’ ಎಂದಿರುವ ಕಡೆಯ 3000 ಎಂಬ ಅಂಕಿಯನ್ನು 20000 ಮಾಡಬೇಕು, ಅದು ಮಿಲಿಸೆಕೆಂಡಿನ ಲೆಕ್ಕ. ಆಗ ಇಂಟರ್ನೆಟ್ಟನ್ನೇ ನಂಬಿ ಕೂರಬೇಕಾಗುತ್ತದೆ, ಮತ್ತು ಆ ಲಿಂಕ್ ಸಿಕ್ಕವರೆಲ್ಲ ಆ ಸ್ಲೈಡ್ ನೋಡಬಹುದು ಎಂಬುದೂ ನೆನಪಿರಲಿ.

ಎಲ್ಲರ ಸ್ಲೈಡನ್ನೂ ಒಂದೇ ಫೈಲಿಗೆ ಸೇರಿಸಿಕೊಳ್ಳಿ. ಇಬ್ಬರ ನಡುವೆ ಒಂದು ಪೂರ್ತಿ ಕಪ್ಪು ಸ್ಲೈಡ್ ಇಟ್ಟು, ಅದಕ್ಕೆ ಮಾತ್ರ ಕ್ಲಿಕ್ ಮಾಡಿದರೆ ಮುಂದೆ ಹೋಗುವಂತೆ ಕೊಡಿ. ಕಪ್ಪು ಸ್ಲೈಡ್ ಸೇರಿಸಿದ ಮೇಲೆ ಮತ್ತೆ ‘ಅಪ್ಲೈ ಟು ಆಲ್’ ಒತ್ತಿದರೆ ಅದೂ 15 ಸೆಕೆಂಡಿಗೆ ಓಡುತ್ತದೆ. ಮುಂದಿನವರು ಕುರ್ಚಿಯಿಂದ ಎದ್ದು ಬರುವಷ್ಟರಲ್ಲಿ ಅವರ ಎರಡು ಸ್ಲೈಡ್ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಮೊದಲು ಎಲ್ಲಕ್ಕೂ ಸಮಯ, ಆಮೇಲೆ ಕಪ್ಪು ಸ್ಲೈಡ್, ಈ ಕ್ರಮ ತಪ್ಪಬೇಡಿ.

ಮನೆಯಿಂದ ತಯಾರಿಸಿ ತರುವುದು

ಎಲ್ಲರಿಗೂ ಪರಿಚಿತವಾದ ಬಗೆ. ಒಬ್ಬರಿಗೆ 5 ನಿಮಿಷ, ಒಂದು ಪ್ರಶ್ನೆ, ಬದಲಾವಣೆ ಸೇರಿ 7 ನಿಮಿಷ. 10 ಜನಕ್ಕೆ 70 ನಿಮಿಷ. ಇದರ ಹೆಚ್ಚುಗಾರಿಕೆ ವಿಷಯದಲ್ಲಿದೆ. ಒಬ್ಬ ಹುಡುಗನಿಗೆ ಸಿಟಿ ಬಸ್ಸಿನ ನಂಬರುಗಳ ಹುಚ್ಚು, ಒಬ್ಬಳಿಗೆ ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟುಗಳ ಕಿರೀಟ ಗುರುತಿಸುವ ಹುಚ್ಚು. ಶಾಲೆಯಲ್ಲಿ ಯಾರೂ ಕೇಳದ ಈ ಜ್ಞಾನಕ್ಕೆ ಇಲ್ಲಿ ಸಭೆ ಸಿಗುತ್ತದೆ. ಹಾಗಾಗಿ ‘ಪರಿಸರ ಸಂರಕ್ಷಣೆ’, ‘ಮೊಬೈಲಿನ ಸಾಧಕ ಬಾಧಕ’ ಮುಂತಾದ ಪ್ರಬಂಧದ ವಿಷಯ ತಂದರೆ ಒಪ್ಪಬೇಡಿ, ಮೆತ್ತಗೆ ಬೇರೆ ಕಡೆ ತಿರುಗಿಸಿ. ಕೇಳಬೇಕಾದ್ದು ಇಷ್ಟೇ: ‘ಯಾವ ವಿಷಯದಲ್ಲಿ ನಿನ್ನ ಮನೆಯವರಿಗೆ ನಿನ್ನ ಮಾತು ಕೇಳಿ ಕೇಳಿ ಸಾಕಾಗಿದೆ?’ ಬರುವ ಉತ್ತರವೇ ವಿಷಯ. ವಾದದ ರೂಪದಲ್ಲಿದ್ದರೆ ಇನ್ನೂ ಚೆನ್ನ: ‘ನೀರುದೋಸೆಗೆ ಚಟ್ನಿಗಿಂತ ಬೆಲ್ಲ ತೆಂಗಿನಕಾಯಿಯೇ ಸರಿ, ಐದು ಸಾಕ್ಷ್ಯಗಳು’. ‘ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದವರೆಗೆ ಬಸ್ಸಿನಲ್ಲಿ ಯಾವ ಸೀಟು ಉತ್ತಮ’ ಎಂಬ ವಿಷಯಕ್ಕೆ ನಕ್ಷೆ, ಬಿಸಿಲು ಬೀಳುವ ಬದಿ, ಹೊತ್ತು, ಎಲ್ಲ ಬೇಕಾಗುತ್ತದೆ. ಗೊತ್ತಿಲ್ಲದೆಯೇ ಒಳ್ಳೆಯ ಅಧ್ಯಯನ ನಡೆದುಬಿಡುತ್ತದೆ.

ಭಾಷೆಯ ವಿಷಯದಲ್ಲಿ ಕಟ್ಟುಪಾಡು ಬೇಡ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಇಂಗ್ಲಿಷ್ ಯಾವುದಾದರೂ ಆಗಲಿ ಎಂದು ಪೋಸ್ಟರಿನಲ್ಲೇ ಬರೆಯಿರಿ. ಸ್ಲೈಡಿನ ಮೇಲಿನ ಬರಹ ಮಾತ್ರ ಸಭೆಯಲ್ಲಿ ಹೆಚ್ಚಿನವರಿಗೆ ಓದಲು ಬರುವ ಲಿಪಿಯಲ್ಲಿರಲಿ.

ತೊಂದರೆ ಇರುವುದು ಫೈಲಿನಲ್ಲಿ. ಎರಡು ದಿನ ಮುಂಚೆ, ಅಂದರೆ ಗುರುವಾರ ಸಂಜೆಗೆ ಎಲ್ಲ ಫೈಲ್ ನಿಮ್ಮ ಕೈಯಲ್ಲಿರಬೇಕು. ಆ ದಿನವೇ ಪೆನ್‌ಡ್ರೈವ್ ತರಲು ಹೇಳಿದರೆ ಒಬ್ಬೊಬ್ಬರಿಗೂ ಐದು ನಿಮಿಷ ಅದರಲ್ಲೇ ಹೋಗುತ್ತದೆ, ವೈರಸ್ ಬೇರೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದೇ ಕಳಿಸಬೇಕು. ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗಿ, ಪರದೆಯ ಮೇಲೆ ಮಸುಕಾಗುತ್ತದೆ. ಮೊಬೈಲಿನಲ್ಲಿ ಗೂಗಲ್ ಸ್ಲೈಡ್ಸ್ ಅಥವಾ ಕ್ಯಾನ್ವಾದಲ್ಲಿ ಮಾಡಿದ್ದೂ ನಡೆಯುತ್ತದೆ, ಆದರೆ ಮೊದಲೇ ಅಡ್ಡ ಅಳತೆ, 16:9 ಎಂದು ಹೇಳಿರಿ. ಇಲ್ಲದಿದ್ದರೆ ಕೆಲವರು ಮೊಬೈಲಿನ ಉದ್ದ ಅಳತೆಯಲ್ಲಿ ಮಾಡಿರುತ್ತಾರೆ, ಪರದೆಯ ನಡುವೆ ಒಂದು ಪಟ್ಟಿಯಂತೆ ಕಾಣುತ್ತದೆ.

ಕನ್ನಡ ಅಕ್ಷರದ ಕಥೆಯೇ ಬೇರೆ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಮಾಡಿ ತಂದ ಫೈಲುಗಳಲ್ಲಿ ಇದು ಆಗುವುದುಂಟು. ಯೂನಿಕೋಡ್ ಎಂದೇ ಸೂಚನೆ ಕೊಡಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಇವೆಲ್ಲ ಗೂಗಲ್‌ನಲ್ಲಿ ಉಚಿತವಾಗಿ ಸಿಗುವ ಫಾಂಟುಗಳು, ಇವನ್ನು ಕಾರ್ಯಕ್ರಮದ ಲ್ಯಾಪ್‌ಟಾಪಿಗೆ ಮೊದಲೇ ಹಾಕಿಡಿ. ಅಕ್ಷರದ ಗಾತ್ರ 36ಕ್ಕಿಂತ ಕಡಿಮೆ ಬೇಡ, ಸಾಲುಗಳ ನಡುವಿನ ಅಂತರ 1.2 ಇರಲಿ. ಅಂತರ ತೀರ ಬಿಗಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದು.

ಅಲ್ಲೇ ಕುಳಿತು ತಯಾರಿಸುವುದು

ಗ್ರಂಥಪಾಲಕರಿಗೆ ಇದೇ ಹೆಚ್ಚು ಇಷ್ಟವಾಗುತ್ತದೆ, ಕಾರಣ ಪುಸ್ತಕ ಕಪಾಟಿನಿಂದ ಹೊರಗೆ ಬರುತ್ತದೆ. ಮೂವರ ತಂಡ, ತಂಡಕ್ಕೆ ಒಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್. 24 ಮಕ್ಕಳಿಗೆ 8 ಯಂತ್ರ ಬೇಕು. ಅಷ್ಟಿಲ್ಲದಿದ್ದರೆ ಈ ಬಗೆ ಬಿಟ್ಟುಬಿಡಿ. ಆರು ಮಂದಿಗೆ ಒಂದು ಲ್ಯಾಪ್‌ಟಾಪ್ ಕೊಟ್ಟರೆ ಇಬ್ಬರು ಕೆಲಸ ಮಾಡುತ್ತಾರೆ, ನಾಲ್ವರು ಕಿಟಕಿಯಿಂದ ಹೊರಗೆ ನೋಡುತ್ತಾರೆ.

ಚೀಟಿ ಎತ್ತಿ ವಿಷಯ, 10 ನಿಮಿಷ ಪುಸ್ತಕ ಹುಡುಕಲು, 30 ನಿಮಿಷ ಸ್ಲೈಡ್ ಮಾಡಲು, 10 ನಿಮಿಷ ಅಭ್ಯಾಸಕ್ಕೆ, 10 ನಿಮಿಷ ಫೈಲ್ ಒಟ್ಟುಗೂಡಿಸಲು. ಸ್ಲೈಡ್ ಐದೇ ಐದು. ಒಂದೇ ನಿಯಮ: ಕನಿಷ್ಠ ಎರಡು ಸ್ಲೈಡಿನ ವಿಷಯ ಲೈಬ್ರರಿಯ ಪುಸ್ತಕದಿಂದಲೇ ಬರಬೇಕು, ಪುಟದ ಸಂಖ್ಯೆ ಹಾಕಬೇಕು. ವಿಷಯಗಳು ಊರಿನವೇ ಆಗಲಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ವರ್ಷ ಇಂದಿನಂತೆ ವಾಟ್ಸಾಪ್ ಗ್ರೂಪ್ ಇದ್ದಿದ್ದರೆ ಅದರಲ್ಲಿ ಏನು ಸುದ್ದಿ ಬರುತ್ತಿತ್ತು? 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯ ಒಂದು ಹಂಚು ತನ್ನ ಆತ್ಮಕಥೆ ಹೇಳಿದರೆ? ಇಂಥ ವಿಷಯಕ್ಕೆ ಅಂತರ್ಜಾಲದಿಂದ ನಕಲು ಹೊಡೆಯಲಾಗುವುದಿಲ್ಲ, ಓದಿಯೇ ಕಟ್ಟಬೇಕು. ಬೇಕಾಗುವ ಪುಸ್ತಕಗಳನ್ನು ಮೊದಲೇ ತೆಗೆದು ಒಂದು ಮೇಜಿನ ಮೇಲೆ ಜೋಡಿಸಿಡಿ, ತಂಡಕ್ಕೆ ನಾಲ್ಕೈದರಂತೆ. ಹತ್ತು ನಿಮಿಷದಲ್ಲಿ ಇಡೀ ಕಪಾಟು ಹುಡುಕಲು ಬಿಟ್ಟರೆ ಸಿಗುವುದಿಲ್ಲ, ಕಪಾಟೂ ಹಾಳಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ

ನಿಮ್ಮಲ್ಲಿ ಒಂದೇ ಲ್ಯಾಪ್‌ಟಾಪ್, ಬರುವ ಮಕ್ಕಳು ಬೇರೆ ಬೇರೆ ಶಾಲೆಯವರು, ಒಬ್ಬರಿಗೊಬ್ಬರ ಪರಿಚಯ ಇಲ್ಲ ಎಂದಾದರೆ ಕರೋಕೆ. ಒಂದೇ ಶಾಲೆಯ ಅಥವಾ ಒಂದೇ ಬಡಾವಣೆಯ ಇಪ್ಪತ್ತರೊಳಗಿನ ಮಕ್ಕಳು, ಎರಡು ವಾರ ಸಮಯ ಇದೆ ಎಂದಾದರೆ ತಯಾರಿಸಿ ತರುವುದು, ಮಧ್ಯೆ ಎರಡು ಮೂರು ಕರೋಕೆ ಸರದಿ. ಪಿಯುಸಿ ಮಕ್ಕಳೇ ಹೆಚ್ಚಿದ್ದು, ಒಂದೆರಡು ಸಲ ಇಂಥದ್ದು ಮಾಡಿದವರಾದರೆ 12 ಸ್ಲೈಡಿನ ಓಟ. ಅರಿವು ಕೇಂದ್ರ ಎಂದು ಕರೆಯುವ ಗ್ರಾಮ ಪಂಚಾಯತಿ ಲೈಬ್ರರಿಯಂಥ ಸಣ್ಣ ಜಾಗದಲ್ಲಿ ಪ್ರೊಜೆಕ್ಟರ್ ಇಲ್ಲದಿದ್ದರೂ ಚಿಂತಿಸಬೇಡಿ. 43 ಇಂಚಿನ ಟಿವಿಗೆ ಎಚ್‌ಡಿಎಂಐ ತಂತಿ ಸಿಕ್ಕಿಸಿದರೆ 15 ಮಂದಿಗೆ ಕರೋಕೆ ಚೆನ್ನಾಗಿಯೇ ನಡೆಯುತ್ತದೆ.

ಸ್ಪರ್ಧೆ ಮಾಡಬೇಕೇ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಬೇಡ ಎಂಬುದೇ ನಮ್ಮ ಅಭಿಪ್ರಾಯ. ಅಂಕ ಕೊಟ್ಟ ಕೂಡಲೇ ಅದು ಶಾಲೆಯ ಭಾಷಣ ಸ್ಪರ್ಧೆ ಆಗಿಬಿಡುತ್ತದೆ, ಟೀಚರುಗಳೂ ಪೋಷಕರೂ ಮಧ್ಯೆ ಬರುತ್ತಾರೆ. ಬದಲಿಗೆ ಚೀಟಿಯಲ್ಲಿ ಮೂರು ಪ್ರಶ್ನೆ ಇಡಿ: ‘ಯಾರ ಮಾತಿನಿಂದ ಹೊಸತೊಂದು ಗೊತ್ತಾಯಿತು?’, ‘ಯಾರು ಹೆಚ್ಚು ನಗಿಸಿದರು?’, ‘ಯಾರ ವಾದ ಒಪ್ಪುವಂತಿಲ್ಲ, ಆದರೂ ಒಪ್ಪಿಬಿಟ್ಟೆ?’ ಬಹುಮಾನ ಪುಸ್ತಕ.

ದಿನ, ಜಾಗ, ಕರೆಂಟು

ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನ ಗೊತ್ತುಮಾಡುವುದು ಕಷ್ಟ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿ ರಜೆ ಘೋಷಿಸುತ್ತಾರೆ, ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ, ಉಳಿಯಲೂ ಬೇಕು. ಶೀಟಿನ ಮಾಡಿನ ಹಾಲ್ ಆದರೆ ಮಳೆಯ ಸದ್ದಿಗೆ ಮೈಕ್ ಕೂಡ ಸಾಲುವುದಿಲ್ಲ. ಅಷ್ಟಮಿ, ಚೌತಿ, ಕ್ರೈಸ್ತರ ಮೊಂತಿ ಹಬ್ಬದ ವಾರ ಬೇಡ. ಉಡುಪಿಯಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯದ ಆಸುಪಾಸು ಬೇಡ. ಮಾರ್ಚ್ ಪರೀಕ್ಷೆಗೆ ಹೋಯಿತು. ನವೆಂಬರ್, ಡಿಸೆಂಬರ್ ಮೊದಲರ್ಧ, ಜನವರಿ ಕೊನೆ ಮತ್ತು ಬೇಸಿಗೆ ರಜೆಯ ಏಪ್ರಿಲ್ ಉಳಿಯುತ್ತವೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಊಟ ಮಾಡಿ ಬರುವಂತೆ 2:30ಕ್ಕೆ ಶುರು, 5ಕ್ಕೆ ಮುಕ್ತಾಯ. ದೂರದ ಬಸ್ಸಿಗೆ ಹೋಗುವವರು ಬೆಳಕಿರುವಾಗಲೇ ಹೊರಡಬೇಕು. ಭಾನುವಾರ ಬೆಳಿಗ್ಗೆ ಟ್ಯೂಷನ್, ದೇವಸ್ಥಾನ, ಇಗರ್ಜಿ ಎಂದು ಅರ್ಧ ಹಾಜರಾತಿ ಹೋಗುತ್ತದೆ.

ಲೈಬ್ರರಿಯ ಓದುವ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದಿನವಿಡೀ ಕುಳಿತಿರುತ್ತಾರೆ. ಅವರ ಪಕ್ಕದಲ್ಲಿ ಮೈಕ್ ಹಾಕುವುದು ನ್ಯಾಯವಲ್ಲ. ಬಾಗಿಲು ಹಾಕಬಹುದಾದ ಬೇರೆ ಕೋಣೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಪಕ್ಕದ ಶಾಲೆಯ ಹಾಲ್ ಕೇಳಿ, ಪುಸ್ತಕಗಳನ್ನು ಅಲ್ಲಿಗೆ ಒಯ್ಯಿರಿ.

ಪ್ರೊಜೆಕ್ಟರಿನ ಬೆಳಕು 3000 ಲ್ಯೂಮೆನ್ ಮೇಲಿರಲಿ, ಮಧ್ಯಾಹ್ನದ ಬೆಳಕಿಗೆ ಕಿಟಕಿಗೆ ಪರದೆ ಬೇಕೇ ಬೇಕು. ಕೊನೆಯ ಸಾಲು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು: ಚಿತ್ರ 1.2 ಮೀಟರ್ ಎತ್ತರವಿದ್ದರೆ 7 ಮೀಟರ್ ಒಳಗೆ. ಲ್ಯಾಪ್‌ಟಾಪನ್ನು ಮಾತಾಡುವವರ ಎದುರಿಗೆ, ತಗ್ಗಿನ ಮೇಜಿನ ಮೇಲೆ ಅವರಿಗೆ ಕಾಣುವಂತೆ ಇಡಿ. ಹಾಗಿಡದಿದ್ದರೆ ಪ್ರತಿ ಸ್ಲೈಡಿಗೂ ಹಿಂದೆ ತಿರುಗಿ ನೋಡುತ್ತಾರೆ, ಬಾಯಿ ಮೈಕಿನಿಂದ ದೂರವಾಗುತ್ತದೆ, ಅರ್ಧ ಮಾತು ಯಾರಿಗೂ ಕೇಳಿಸುವುದಿಲ್ಲ. ಇದಕ್ಕೆ ಪ್ರೊಜೆಕ್ಟರ್ ಹತ್ತಿರದಿಂದ ಮೇಜಿನವರೆಗೆ 10 ಮೀಟರ್ ಎಚ್‌ಡಿಎಂಐ ತಂತಿ ಬೇಕಾಗುತ್ತದೆ, ಅದನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಲ್ಯಾಪ್‌ಟಾಪಿನ ವಾಟ್ಸಾಪ್, ಇಮೇಲ್ ಮುಚ್ಚಿ, ಸ್ಲೀಪ್ ಆಗದಂತೆ ಮಾಡಿ. ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಶುಕ್ರವಾರವೂ ಶನಿವಾರ ಬೆಳಿಗ್ಗೆಯೂ ಒಮ್ಮೆ ಕಣ್ಣಾಡಿಸಿ. ಪ್ರೊಜೆಕ್ಟರನ್ನು ಯುಪಿಎಸ್‌ಗೆ ಹಾಕಿದ್ದರೆ ಹಠಾತ್ತನೆ ಕರೆಂಟು ಹೋದಾಗಲೂ ದೀಪ ತಣಿಯುವಷ್ಟು ಸಮಯ ಸಿಗುತ್ತದೆ.

ತಿಂಡಿ ಜಗಲಿಯಲ್ಲಿ ಮಾತ್ರ. 30 ಮಂದಿಗೆ 60 ಬನ್ಸ್, ಒಬ್ಬರಿಗೆ 150 ಮಿಲಿಯಂತೆ 4.5 ಲೀಟರ್ ಪುನರ್ಪುಳಿ ಜ್ಯೂಸ್. ಬನ್ಸಿನ ಎಣ್ಣೆ, ಪುನರ್ಪುಳಿಯ ಬಣ್ಣ ಎರಡೂ ಪುಸ್ತಕಕ್ಕೆ ಹತ್ತಿದರೆ ಹೋಗುವುದಿಲ್ಲ. ಒಳಗೆ ಬರುವ ಮೊದಲು ಕೈ ತೊಳೆಯುವ ವ್ಯವಸ್ಥೆ ಇರಲಿ.

ಎಲ್ಲಿ ಗೆರೆ ಎಳೆಯಬೇಕು

ನಾಲ್ಕೂ ಬಗೆಗೆ ಇದು ಒಂದೇ. ಧರ್ಮ, ಜಾತಿ, ರಾಜಕೀಯ, ಬೇರೆಯವರ ಆಹಾರ, ಯಾರ ದೇಹ ಬಣ್ಣ, ಶಾಲೆಯ ಟೀಚರುಗಳ ಅಣಕ, ಹುಡುಗ ಹುಡುಗಿಯರನ್ನು ಜೋಡಿಸುವ ತಮಾಷೆ ಇವು ಸ್ಲೈಡಿನಲ್ಲಿ ಬೇಡ. ದೈವದ ಮೊಗ, ಕೋಲದ ಚಿತ್ರಗಳನ್ನು ಕರೋಕೆ ಸೆಟ್ಟಿಗೆ ಹಾಕಲೇಬಾರದು. ಊರಿನ ಚಿತ್ರ ಹುಡುಕುವಾಗ ಅವು ಸುಲಭವಾಗಿ ಸಿಗುತ್ತವೆ, ನೋಡಲು ಚೆಂದ ಎಂದು ಸೇರಿಸಿಬಿಡುವ ಸಾಧ್ಯತೆ ಇದೆ. ಮನೆಮಂದಿ ಕೈಮುಗಿಯುವುದನ್ನು ಇಟ್ಟು ಯಾರದೋ ಮಗುವಿಗೆ ನಗಿಸು ಎಂದಂತಾಗುತ್ತದೆ. ಬಂದ ಫೈಲುಗಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಆ ಇಬ್ಬರು ಬೇರೆ ಬೇರೆ ಸಮುದಾಯದವರಾದರೆ ಒಳ್ಳೆಯದು. ಒಬ್ಬರಿಗೆ ಹೊಳೆಯದ ನೋವು ಇನ್ನೊಬ್ಬರಿಗೆ ಹೊಳೆಯುತ್ತದೆ. ಒಂದು ಸ್ಲೈಡ್ ತೆಗೆಯಬೇಕಾದರೆ ಗುರುವಾರವೇ ಆ ಮಗುವಿಗೆ ಫೋನ್ ಮಾಡಿ ಕಾರಣ ಹೇಳಿ, ಸಭೆಯಲ್ಲಿ ತೆಗೆಯಬೇಡಿ.

ಫೋಟೊ, ವಿಡಿಯೊಗೆ ಪೋಷಕರ ಒಪ್ಪಿಗೆ ಬರಹದಲ್ಲಿರಲಿ. ಒಪ್ಪಿಗೆ ಕೊಡದವರ ಕೈಗೆ ಒಂದು ಬಣ್ಣದ ರಿಬ್ಬನ್ ಕಟ್ಟಿದರೆ ಕ್ಯಾಮೆರಾ ಹಿಡಿದವರಿಗೆ ಗೊತ್ತಾಗುತ್ತದೆ. ಮಾತಿನ ವಿಡಿಯೊ ಸಾಮಾಜಿಕ ಜಾಲತಾಣಕ್ಕೆ ಹೋಗುವುದಿಲ್ಲ ಎಂದು ಆರಂಭದಲ್ಲೇ ಹೇಳಿದರೆ ಮಕ್ಕಳು ಇನ್ನಷ್ಟು ಬಿಚ್ಚಿ ಮಾತಾಡುತ್ತಾರೆ.

ಹೆಸರು ಕೊಟ್ಟವರು 20, ಬಂದವರು 6 ಎಂದಾದರೂ ನಿಲ್ಲಿಸಬೇಡಿ. ಮೈಕ್ ಬಂದ್ ಮಾಡಿ, ಕುರ್ಚಿಗಳನ್ನು ಲ್ಯಾಪ್‌ಟಾಪಿನ ಸುತ್ತ ಎಳೆದು, ಪ್ರತಿಯೊಬ್ಬರಿಗೂ ಎರಡೆರಡು ಕರೋಕೆ ಸರದಿ ಕೊಡಿ. ಎರಡನೇ ಸುತ್ತಿಗೆ ಒಬ್ಬರ ಸೆಟ್ಟನ್ನು ಇನ್ನೊಬ್ಬರು ಆರಿಸಲಿ. ಉಳಿದ ಸೆಟ್ಟುಗಳನ್ನು ಯಾರೂ ನೋಡಿಲ್ಲವಾದ್ದರಿಂದ ಮುಂದಿನ ತಿಂಗಳಿಗೆ ಹಾಗೇ ಬಳಸಬಹುದು.